ದೂರ ಶಿಕ್ಷಣದಲ್ಲಿ ಕಲಿಸುವವರೇ ಇರುವುದಿಲ್ಲವೇ? ಟ್ಯೂಟರ್ ಕೆಲಸಕ್ಕೆ ತರಬೇತಿ ಬೇಕೇ?

ಪ್ರವೇಶಾತಿ ಶುರುವಾದ ಕೂಡಲೇ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: ಫೀಸು ಕಟ್ಟಿ, ಪುಸ್ತಕ ಮನೆಗೆ ಬರುತ್ತದೆ, ಪರೀಕ್ಷೆ ಬರೆಯಿರಿ, ಡಿಗ್ರಿ ಕೈಗೆ. ಅದರ ಜೊತೆಗೇ ಇನ್ನೆರಡು ಮಾತುಗಳೂ ಬರುತ್ತವೆ. ದೂರ ಶಿಕ್ಷಣದಲ್ಲಿ ಕಲಿಸುವವರೇ ಇಲ್ಲ, ಇದ್ದರೂ ವಿಷಯ ಗೊತ್ತಿರುವ ಯಾರಾದರೂ ಆ ಕೆಲಸ ಮಾಡಬಹುದು ಎನ್ನುವುದು ಒಂದು. ಅಸೈನ್‌ಮೆಂಟ್ ಬರೀ ಕಾಟಾಚಾರ ಎನ್ನುವುದು ಇನ್ನೊಂದು. ಇವುಗಳಲ್ಲಿ ಎಷ್ಟು ನಿಜ? ನಾವು ಒಂದೊಂದಾಗಿ ನೋಡಿದ್ದೇವೆ.

ಒಂದೇ ಮಾತಿನಲ್ಲಿ ಉತ್ತರ

ದೂರ ಶಿಕ್ಷಣದಲ್ಲಿ ಕಲಿಸುವವರು ಇದ್ದಾರೆ. ಆದರೆ ಅವರ ಪಾಠ ಹೆಚ್ಚಾಗಿ ನಡೆಯುವುದು ನಿಮ್ಮ ಅಸೈನ್‌ಮೆಂಟ್ ಹಾಳೆಯ ಅಂಚಿನಲ್ಲಿ. ಅಲ್ಲಿ ಸರಿಯಾಗಿ ಬರೆಯುವುದನ್ನು ಟ್ಯೂಟರ್ ಕಲಿತಿರಬೇಕು. ಅದನ್ನು ಓದಿ ತಿದ್ದಿಕೊಳ್ಳುವ ಅವಕಾಶ ವಿದ್ಯಾರ್ಥಿಗೆ ಸಿಗಬೇಕು.

ಸಮೀರವಾಡಿಯಿಂದ ನೋಡಿದರೆ

ಬಾಗಲಕೋಟೆ ಜಿಲ್ಲೆಯ ಸಮೀರವಾಡಿ ಸಕ್ಕರೆ ಕಾರ್ಖಾನೆಯ ಊರು. ಸುತ್ತ ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಹೊಲಗಳು; ಪಕ್ಕದ ರಬಕವಿ-ಬನಹಟ್ಟಿಯಲ್ಲಿ ನೇಕಾರಿಕೆ. ಕಾರ್ಖಾನೆಯ ಪಾಳಿ, ಕಬ್ಬಿನ ಕಟಾವು ಅಥವಾ ಮಗ್ಗದ ಕೆಲಸ ಬಿಟ್ಟು ದಿನವೂ ಕಾಲೇಜಿಗೆ ಹೋಗಲಾಗದವರಿಗೆ ದೂರ ಶಿಕ್ಷಣ ನಿಜವಾಗಿಯೂ ಒಂದು ದಾರಿ.

ಆದರೆ ಇಲ್ಲೊಂದು ತೊಡಕಿದೆ. ಇಗ್ನೋದ ಸತ್ರಾಂತ್ಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಕಬ್ಬು ನುರಿಯುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗುತ್ತದೆ. ಅಂದರೆ ಡಿಸೆಂಬರ್ ಪರೀಕ್ಷೆ ಬರುವ ಹೊತ್ತಿಗೆ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತಿರುತ್ತದೆ. ರಾತ್ರಿ ಪಾಳಿ ಮುಗಿಸಿದವರಿಗೆ ಭಾನುವಾರದ ಸಂಪರ್ಕ ತರಗತಿಗೆ ಬರಲಾಗದಿದ್ದರೆ ಅದನ್ನು ಸೋಮಾರಿತನ ಎನ್ನಲಾಗದು. ಇದನ್ನು ಮೊದಲೇ ತಿಳಿದು, ಹಂಗಾಮಿಗೆ ಮುನ್ನವೇ ಅಸೈನ್‌ಮೆಂಟ್ ಮುಗಿಸಲು ಹೇಳುವ ಟ್ಯೂಟರ್ ಸಿಕ್ಕರೆ ಒಂದು ವರ್ಷ ಉಳಿದೀತು.

ಹೇಳಿಕೆ 1: ದೂರ ಶಿಕ್ಷಣದಲ್ಲಿ ಕಲಿಸುವವರೇ ಇಲ್ಲ

ವಾಸ್ತವ: ತಪ್ಪು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಇಗ್ನೋ ಶುರುವಾಗಿದ್ದು 1985ರಲ್ಲಿ. ಇಗ್ನೋದಲ್ಲಿ ಟ್ಯೂಟರ್‌ಗೆ ಅಕಾಡೆಮಿಕ್ ಕೌನ್ಸೆಲರ್ ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ಬೇರೆ ಕಾಲೇಜಿನಲ್ಲಿ ಪಾಠ ಮಾಡುತ್ತಾ ಇಲ್ಲಿ ಅರೆಕಾಲಿಕವಾಗಿ ಕೆಲಸ ಮಾಡುತ್ತಾರೆ.

ಕಲಿಸುವವರು ಇಲ್ಲ ಎಂದು ಅನ್ನಿಸಲು ಕಾರಣವಿದೆ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಗಳ ಓದು. 4 ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ಇದರಲ್ಲಿ ಮುಖಾಮುಖಿ ಸಿಗುವುದು ಸ್ವಲ್ಪವೇ. ಉಳಿದದ್ದು ನೀವು ಮತ್ತು ಪುಸ್ತಕ.

ಹೀಗಾಗಿ ಈ ಪುಸ್ತಕಗಳನ್ನೂ ಬೇರೆ ರೀತಿಯಲ್ಲಿ ಬರೆಯಬೇಕು. ಓದುಗರ ಜೊತೆ ಮಾತನಾಡುವ ಹಾಗೆ ಪಾಠ ಇರಬೇಕು ಎಂದು ಸ್ವೀಡನ್ನಿನ ವಿದ್ವಾಂಸ ಬೋರ್ಯೆ ಹೋಲ್ಮ್‌ಬರ್ಗ್ ವಾದಿಸಿದರು. ಅಮೆರಿಕದಲ್ಲಿ ಕೆಲಸ ಮಾಡಿದ ಮೈಕೆಲ್ ಮೂರ್ ಇನ್ನೊಂದು ಮುಖ್ಯ ಮಾತು ಹೇಳಿದರು: ದೂರ ಶಿಕ್ಷಣದ ‘ದೂರ’ವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಕಲಿಸುವವರು ಮತ್ತು ಕಲಿಯುವವರ ನಡುವೆ ಮಾತುಕತೆ ಕಡಿಮೆಯಾದಷ್ಟೂ ದೂರ ಹೆಚ್ಚುತ್ತದೆ.

ಹೇಳಿಕೆ 2: ವಿಷಯ ಗೊತ್ತಿದ್ದರೆ ಸಾಕು, ತರಬೇತಿ ಬೇಡ

ವಾಸ್ತವ: ದಾರಿ ತಪ್ಪಿಸುವ ಮಾತು. ತರಗತಿಯಲ್ಲಿ ವಿದ್ಯಾರ್ಥಿಯ ಮುಖ ನೋಡಿದರೆ ಅರ್ಥವಾಯಿತೋ ಇಲ್ಲವೋ ತಿಳಿಯುತ್ತದೆ. ದೂರ ಶಿಕ್ಷಣದಲ್ಲಿ ಮುಖ ಕಾಣುವುದಿಲ್ಲ, ಬರಹವಷ್ಟೇ ಕಾಣುತ್ತದೆ. ಹಾಗಾಗಿ ಬೇಕಾಗುವ ಕೌಶಲವೂ ಬೇರೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಅರ್ಥಶಾಸ್ತ್ರದ ಅಸೈನ್‌ಮೆಂಟ್‌ನಲ್ಲಿ ವಿದ್ಯಾರ್ಥಿ ಹೀಗೆ ಬರೆದಿದ್ದಾರೆ: “ಸಕ್ಕರೆ ಬೆಲೆ ಏರಿದರೆ ಜನ ಕಡಿಮೆ ಕೊಳ್ಳುತ್ತಾರೆ, ಆದ್ದರಿಂದ ಬೇಡಿಕೆ ರೇಖೆ ಎಡಕ್ಕೆ ಸರಿಯುತ್ತದೆ.”

ಒಬ್ಬ ಟ್ಯೂಟರ್ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿ, 10ಕ್ಕೆ 4 ಅಂಕ ಕೊಡುತ್ತಾರೆ.

ಇನ್ನೊಬ್ಬರು ಹೀಗೆ ಬರೆಯುತ್ತಾರೆ: “ಬೆಲೆ ಏರಿದರೆ ಜನ ಕಡಿಮೆ ಕೊಳ್ಳುತ್ತಾರೆ ಎಂಬುದು ಸರಿ. ಆದರೆ ಸಕ್ಕರೆಯ ಬೆಲೆಯೇ ಬದಲಾದಾಗ ರೇಖೆ ಸರಿಯುವುದಿಲ್ಲ; ಅದೇ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತೇವೆ. ಬೇರೆ ಕಾರಣ ಬದಲಾದಾಗ ರೇಖೆ ಸರಿಯುತ್ತದೆ. ಬೆಲ್ಲ ಅಗ್ಗವಾದರೆ ಸಕ್ಕರೆಯ ರೇಖೆಗೆ ಏನಾಗಬಹುದು? ಎರಡು ಸಾಲು ಬರೆದು ನೋಡಿ.”

ಅಂಕ ಇಬ್ಬರದೂ ಒಂದೇ ಇರಬಹುದು. ಆದರೆ ಪಾಠವಾದದ್ದು ಎರಡನೆಯದರಲ್ಲಿ ಮಾತ್ರ.

ಇಗ್ನೋದ ತರಬೇತಿ ಸಾಮಗ್ರಿಯಲ್ಲಿ ಇಂಥ ಟಿಪ್ಪಣಿಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಬರೀ ಗೆರೆ, ಬರೀ ಪ್ರಶ್ನೆಚಿಹ್ನೆ ‘ಶೂನ್ಯ’ ಟಿಪ್ಪಣಿ. ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂದಷ್ಟೇ ಬರೆದರೆ ‘ಪೊಳ್ಳು’ ಟಿಪ್ಪಣಿ. ಮನಸ್ಸು ಮುರಿಯುವಂಥದ್ದು ‘ಹಾನಿಕರ’. ಎಲ್ಲಿ ಸರಿ, ಎಲ್ಲಿ ತಪ್ಪು, ಮುಂದೇನು ಎಂದು ಹೇಳುವುದು ‘ರಚನಾತ್ಮಕ’. ದೂರ ಶಿಕ್ಷಣದ ಸಿಬ್ಬಂದಿಗೆ ತರಬೇತಿ ಕೊಡಲೆಂದೇ ಇಗ್ನೋ 1993ರಲ್ಲಿ ‘ಸ್ಟ್ರೈಡ್’ ಎಂಬ ಸಂಸ್ಥೆ ಕಟ್ಟಿತು.

ಹಾಗಾದರೆ ಟ್ಯೂಟರ್‌ಗೆ ಏನೇನು ಬರಬೇಕು?

1. ಪುಸ್ತಕದಲ್ಲಿ ಇರುವುದನ್ನೇ ಮತ್ತೆ ಒಪ್ಪಿಸದೆ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಕೇಳಿ ಅಲ್ಲಿಂದ ಶುರುಮಾಡುವುದು.

2. ಟಿಪ್ಪಣಿ ಬರೆಯುವುದು. ಒಂದೇ ಉತ್ತರವನ್ನು ಹಲವು ಟ್ಯೂಟರ್‌ಗಳು ಬೇರೆ ಬೇರೆಯಾಗಿ ತಿದ್ದಿ, ಅಂಕ ಮತ್ತು ಟಿಪ್ಪಣಿಗಳನ್ನು ಹೋಲಿಸಿ ಚರ್ಚಿಸುವುದು ಇದಕ್ಕೆ ಒಳ್ಳೆಯ ತರಬೇತಿ.

3. ತಾವಾಗಿಯೇ ಮಾತನಾಡಿಸುವುದು. ಓದು ಬಿಡುವವರು ಸಾಮಾನ್ಯವಾಗಿ ಹೇಳಿ ಹೋಗುವುದಿಲ್ಲ, ಸುಮ್ಮನಾಗುತ್ತಾರೆ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓರ್ಮಂಡ್ ಸಿಂಪ್ಸನ್ ಮತ್ತು ಸಹೋದ್ಯೋಗಿಗಳು ನೋಡಿದಂತೆ, ಮೊದಲೇ ಫೋನ್ ಮಾಡಿ ಮಾತನಾಡಿಸಿದ ಹೊಸ ವಿದ್ಯಾರ್ಥಿಗಳಲ್ಲಿ ಓದು ಮುಂದುವರಿಸಿದವರು ಹೆಚ್ಚಿದ್ದರು. ವ್ಯತ್ಯಾಸ ಭಾರಿಯಲ್ಲ, ಆದರೆ ಒಂದು ಫೋನ್ ಕರೆಯ ಖರ್ಚೂ ಭಾರಿಯಲ್ಲ.

4. ನಿಯಮ ತಿಳಿದಿರುವುದು. ಪರೀಕ್ಷಾ ಅರ್ಜಿ, ಕೊನೆಯ ದಿನ, ಕೇಂದ್ರ ಬದಲಾವಣೆ ಇತ್ಯಾದಿ. ತನಗೆ ಗೊತ್ತಿಲ್ಲದಿದ್ದರೆ ಯಾರನ್ನು ಕೇಳಬೇಕೆಂದು ಹೇಳುವುದು.

5. ಭಾಷೆ ಮತ್ತು ಫೋನಿನ ಅರಿವು. ಇಂಗ್ಲಿಷ್ ಪಾಠದ ಕಷ್ಟದ ಪದವನ್ನು ಕನ್ನಡದಲ್ಲಿ ಎರಡು ನಿಮಿಷದ ಆಡಿಯೊದಲ್ಲಿ ಬಿಡಿಸಿ ಹೇಳಿದರೆ ಒಂದು ಗಂಟೆಯ ವಿಡಿಯೊಗಿಂತ ಉಪಯೋಗವಾಗಬಹುದು. ಡೇಟಾವೂ ಉಳಿಯುತ್ತದೆ.

ಹೇಳಿಕೆ 3: ಅಸೈನ್‌ಮೆಂಟ್ ಕಾಟಾಚಾರ, ರೆಡಿಮೇಡ್ ಕೊಂಡರಾಯಿತು

ವಾಸ್ತವ: ತಪ್ಪು, ನಷ್ಟವೂ ಹೌದು. ಇಗ್ನೋದ ಬಹುತೇಕ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70 ಅಂಕದ ತೂಕವಿದೆ. ಅಸೈನ್‌ಮೆಂಟ್ ಇಲ್ಲದೆ ಫಲಿತಾಂಶ ಪೂರ್ತಿಯಾಗುವುದಿಲ್ಲ. ಬೇರೆಯವರು ಬರೆದದ್ದನ್ನು ಕೊಂಡು ಕೊಟ್ಟರೆ ಟ್ಯೂಟರ್ ತಿದ್ದುವುದು ಬೇರೆಯವರ ತಪ್ಪನ್ನು. ನಿಮ್ಮ ತಪ್ಪು ಹಾಗೇ ಉಳಿದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ತಿದ್ದಿದ ಹಾಳೆ ವಿದ್ಯಾರ್ಥಿಗೆ ವಾಪಸು ಸಿಗದಿದ್ದರೆ ಅಥವಾ ಪರೀಕ್ಷೆ ಮುಗಿದ ಮೇಲೆ ಸಿಕ್ಕರೆ ಎಷ್ಟು ಒಳ್ಳೆಯ ಟಿಪ್ಪಣಿಯೂ ವ್ಯರ್ಥ. ಇದು ವಿದ್ಯಾರ್ಥಿಯ ತಪ್ಪಲ್ಲ. ಹಾಳೆ ಕೊಡಿ ಎಂದು ಅಧ್ಯಯನ ಕೇಂದ್ರವನ್ನು ಕೇಳಲು ಸಂಕೋಚ ಬೇಡ.

ಪ್ರವೇಶ ಪಡೆಯುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

ದೂರ ಶಿಕ್ಷಣದ ಪದವಿಗೆ ಬೆಲೆಯೇ ಇಲ್ಲ ಎಂಬ ಮಾತೂ ಓಡಾಡುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ಮುಕ್ತ ಮತ್ತು ದೂರ ಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ವಿಶ್ವವಿದ್ಯಾನಿಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರ ಶಿಕ್ಷಣ ಬ್ಯೂರೊ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಫ್ರಾಂಚೈಸಿ ಮೂಲಕ ಕೋರ್ಸ್ ನಡೆಸಲು ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ‘ಓದೋದು ಬೇಡ, ಎಲ್ಲ ನಾವೇ ಮಾಡಿಸಿಕೊಡ್ತೀವಿ’ ಎನ್ನುವವರಿಂದ ದೂರವಿರಿ.

ನಂತರ ಅಧ್ಯಯನ ಕೇಂದ್ರದಲ್ಲಿ ನಾಲ್ಕು ಪ್ರಶ್ನೆ ಕೇಳಿ: ನನ್ನ ವಿಷಯಕ್ಕೆ ಟ್ಯೂಟರ್ ಯಾರು? ಅವರಿಗೆ ದೂರ ಶಿಕ್ಷಣದ ತರಬೇತಿ ಆಗಿದೆಯೇ? ಯಾವ ಹೊತ್ತಿನಲ್ಲಿ ಸಿಗುತ್ತಾರೆ? ತಿದ್ದಿದ ಅಸೈನ್‌ಮೆಂಟ್ ಯಾವಾಗ ವಾಪಸು ಬರುತ್ತದೆ?

ನಮ್ಮ ತೀರ್ಮಾನ: ‘ಕಲಿಸುವವರೇ ಇಲ್ಲ’ ಎಂಬುದು ಸುಳ್ಳು, ‘ತರಬೇತಿ ಬೇಡ’ ಎಂಬುದು ದಾರಿ ತಪ್ಪಿಸುವಂಥದ್ದು. ನಿಮ್ಮ ಗ್ರೂಪಿನಲ್ಲಿ ಫಾರ್ವರ್ಡ್ ಮಾಡುವುದಿದ್ದರೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಮಾಡಿ. ಈ ಹಂಗಾಮಿನಲ್ಲಿ ಪಾಳಿ ಮುಗಿಸಿ ಬಂದು ಪುಸ್ತಕ ತೆರೆಯುವ ಯಾರಿಗಾದರೂ ಅವು ಬೇಕಾಗಬಹುದು.