ಯೇಸು ಇದ್ದನೇ? ಸಹೋದರನೊಬ್ಬನ ಸಾಕ್ಷಿ

ಯೇಸು ಎಂಬ ಮನುಷ್ಯ ನಿಜವಾಗಿ ಈ ಭೂಮಿಯ ಮೇಲೆ ಓಡಾಡಿದ್ದನೇ? ಈ ಪ್ರಶ್ನೆ ಎತ್ತಿದರೆ ಸಾಕು, ನನಗೆ ಎರಡು ಬಗೆಯ ಜನ ಸಿಗುತ್ತಾರೆ. "ಇದೆಂಥ ಪ್ರಶ್ನೆ ಮಾರಾಯ್ರೆ, ನೀವು ಗೋಡೆಗೆ ನೇತುಹಾಕಿರೋ ಕ್ಯಾಲೆಂಡರೇ ಅವನ ಹುಟ್ಟಿನಿಂದ ಶುರುವಾಗಿದ್ದಲ್ವೇ" ಅನ್ನುವವರು ಕೆಲವರು. "ಅಯ್ಯೋ ಅದೆಲ್ಲ ಕಟ್ಟುಕತೆ, ಈಜಿಪ್ಟಿನ ಹೋರಸ್ ದೇವರ ನಕಲು" ಅನ್ನುವವರು ಇನ್ನು ಕೆಲವರು. ಇಬ್ಬರಿಗೂ ಉತ್ತರ ಮೊದಲೇ ಗೊತ್ತು. ಪುರಾವೆ ಹುಡುಕುವುದು ಆಮೇಲೆ.

ನಾನು ಕ್ರೈಸ್ತನಲ್ಲ. ನೀರಿನ ಮೇಲೆ ನಡೆದದ್ದು, ಸತ್ತು ಮೂರನೆಯ ದಿನ ಎದ್ದುಬಂದದ್ದು ಇವನ್ನೆಲ್ಲ ನಂಬುವವನೂ ಅಲ್ಲ. ಹಾಗಾಗಿ ನನ್ನ ಸ್ನೇಹಿತರು ನಾನು ಎರಡನೆಯ ಗುಂಪಿಗೇ ಸೇರಿದವನು ಅಂದುಕೊಂಡಿದ್ದಾರೆ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅವನು ದೇವರ ಮಗನೇ ಅಂತ ಅಲ್ಲ. ಗಲಿಲಾಯದ ಕಡೆಯ ಯೆಹೂದಿ ಬೋಧಕನೊಬ್ಬ ಆ ಹೆಸರಿನವನು ಇದ್ದನೇ, ಪಿಲಾತನ ಆಡಳಿತದಲ್ಲಿ ಶಿಲುಬೆಗೆ ಏರಿದನೇ ಅಂತ. ಇಷ್ಟು ಮಾತ್ರ. ಇದಕ್ಕೆ ಭಕ್ತಿಯೂ ಬೇಡ, ಸಿಟ್ಟೂ ಬೇಡ.

ಮೊದಲು ಕ್ಯಾಲೆಂಡರಿನ ಮಾತು ಮುಗಿಸಿಬಿಡೋಣ. ಆ ಲೆಕ್ಕ ಹಾಕಿದ್ದು ಡಯೊನೀಸಿಯಸ್ ಎಕ್ಸಿಗ್ಯೂಸ್ ಎಂಬ ಸನ್ಯಾಸಿ, ಕ್ರಿ.ಶ. 525ರಲ್ಲಿ. ಐದು ಶತಮಾನ ಕಳೆದ ಮೇಲೆ ಹಾಕಿದ ಲೆಕ್ಕ. ಅದೂ ತಪ್ಪು ಲೆಕ್ಕ. ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಅನ್ನುತ್ತದೆ ಮತ್ತಾಯನ ಸುವಾರ್ತೆ. ಹೆಚ್ಚಿನ ವಿದ್ವಾಂಸರ ಪ್ರಕಾರ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಅಲ್ಲಿಗೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ಕ್ಯಾಲೆಂಡರ್ ಸಾಕ್ಷಿಯಲ್ಲ, ಬಿಡಿ.

ಹೋರಸ್‌ನ ಕತೆ ಜನಪ್ರಿಯವಾದದ್ದು 2007ರಲ್ಲಿ ಬಂದ ಝೈಟ್‌ಗೈಸ್ಟ್ ಎಂಬ ಚಿತ್ರದಿಂದ. ಹೋರಸ್ ಕನ್ಯೆಯ ಮಗ, ಡಿಸೆಂಬರ್ 25ಕ್ಕೆ ಹುಟ್ಟಿದವನು, ಶಿಲುಬೆಗೆ ಏರಿದವನು ಅಂತ ಅದರಲ್ಲಿ ಹೇಳುತ್ತಾರೆ. ಈಜಿಪ್ಟಿನ ಕತೆಯಲ್ಲಿ ಇರುವುದೇ ಬೇರೆ. ತುಂಡು ತುಂಡಾಗಿದ್ದ ಗಂಡ ಒಸೈರಿಸ್‌ನ ದೇಹವನ್ನು ಜೋಡಿಸಿ ಐಸಿಸ್ ದೇವಿ ಬಸುರಾಗುತ್ತಾಳೆ. ಶಿಲುಬೆಯ ಸುದ್ದಿಯೇ ಇಲ್ಲ. ಇನ್ನು ಮಿತ್ರಾಸ್ ಹುಟ್ಟಿದ್ದು ಬಂಡೆಯಿಂದ. ಬಂಡೆ ಕನ್ಯೆಯೇ ಅಂತ ವಾದ ಮಾಡುವವರಿಗೆ ನನ್ನ ನಮಸ್ಕಾರ. ಅಷ್ಟಕ್ಕೂ ಡಿಸೆಂಬರ್ 25 ಎಂಬ ತಾರೀಖು ಯಾವ ಸುವಾರ್ತೆಯಲ್ಲೂ ಇಲ್ಲ. ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕ್ರಿ.ಶ. 354ರ ರೋಮನ್ ಸಂಕಲನವೊಂದರಲ್ಲಿ. ಆ ತಾರೀಖನ್ನು ಯಾರಿಂದ ಕದ್ದರೂ ಮೂಲ ವ್ಯಕ್ತಿಯ ಇರವು ಇಲ್ಲವುಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಆದರೆ ಯೇಸು ಇರಲಿಲ್ಲ ಎಂದವರೆಲ್ಲ ಇಂಥವರೇ ಎಂದುಕೊಂಡರೆ ಅನ್ಯಾಯ. ಜರ್ಮನಿಯ ಬ್ರೂನೊ ಬೌವರ್ ಒಳ್ಳೆಯ ಪಂಡಿತ. ಸುವಾರ್ತೆಗಳನ್ನು ಪ್ರಶ್ನಿಸಿದ್ದಕ್ಕೆ 1842ರಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕನ್ನೇ ಕಳೆದುಕೊಂಡ. ಆರ್ಥರ್ ಡ್ರೂಸ್ 1909ರಲ್ಲಿ 'ಕ್ರಿಸ್ತ ಪುರಾಣ' ಎಂಬ ಅರ್ಥ ಬರುವ ಹೆಸರಿನ ಪುಸ್ತಕ ಬರೆದ. ಬರ್ಟ್ರಂಡ್ ರಸೆಲ್ ಕೂಡ ತನ್ನ 1927ರ ಪ್ರಸಿದ್ಧ ಭಾಷಣದಲ್ಲಿ ಈ ಅನುಮಾನವನ್ನು ಮುಟ್ಟಿ ಮುಂದೆ ಹೋಗುತ್ತಾನೆ. ನಮ್ಮ ಕಾಲದಲ್ಲಿ ರಿಚರ್ಡ್ ಕ್ಯಾರಿಯರ್ 2014ರಲ್ಲಿ ದಪ್ಪನೆಯ ಪುಸ್ತಕವನ್ನೇ ತಂದರು. ಇವರ ವಾದದ ಕಾಲುಗಳು ಮುಖ್ಯವಾಗಿ ಎರಡು. ಒಂದು, ಅವನ ಕಾಲದವರು ಯಾರೂ ಅವನ ಬಗ್ಗೆ ಬರೆದಿಲ್ಲ. ಎರಡು, ಎಲ್ಲಕ್ಕಿಂತ ಹಳೆಯ ಕ್ರೈಸ್ತ ಬರಹಗಳಾದ ಪೌಲನ ಪತ್ರಗಳಲ್ಲಿ ಬರುವ ಕ್ರಿಸ್ತ ಮೇಲಿನ ಲೋಕದವನು, ನೆಲದ ಮೇಲಿನ ಮನುಷ್ಯನಲ್ಲ.

ಮೌನದ ವಾದವನ್ನು ನೋಡೋಣ. 1909ರಲ್ಲಿ ಜಾನ್ ರೆಮ್ಸ್‌ಬರ್ಗ್ ಎಂಬಾತ ಯೇಸುವಿನ ಬಗ್ಗೆ ಬರೆಯಬೇಕಾಗಿತ್ತು, ಬರೆಯಲಿಲ್ಲ ಎಂದು 42 ಲೇಖಕರ ಪಟ್ಟಿ ಕೊಟ್ಟ. ಇವತ್ತಿಗೂ ಅದು ಕೈಯಿಂದ ಕೈಗೆ ದಾಟುತ್ತಿದೆ. ಪಟ್ಟಿಯಲ್ಲಿ ಮಾರ್ಷಿಯಲ್, ಜುವೆನಾಲ್ ಕೂಡ ಇದ್ದಾರೆ. ರೋಮ್ ನಗರದ ದೊಡ್ಡವರನ್ನು ಗೇಲಿ ಮಾಡುತ್ತಿದ್ದ ಈ ಕವಿಗಳು ಎಲ್ಲೋ ಮೂಲೆಯ ಪ್ರಾಂತ್ಯದ ಬಡಗಿಯ ಬಗ್ಗೆ ಯಾಕೆ ಬರೆಯಬೇಕಿತ್ತೋ ನನಗೆ ತಿಳಿಯದು.

ಯೇಸುವನ್ನು ಬಿಡಿ, ಅವನಿಗೆ ಶಿಕ್ಷೆ ಕೊಟ್ಟ ಪಿಲಾತನನ್ನೇ ತೆಗೆದುಕೊಳ್ಳಿ. ಕ್ರಿ.ಶ. 26ರಿಂದ 36ರವರೆಗೆ, ಹತ್ತು ವರ್ಷ, ಯೂದಾಯವನ್ನು ಆಳಿದ ರೋಮನ್ ಅಧಿಕಾರಿ. ಕೈಯಲ್ಲಿ ಸೈನ್ಯ, ಖಜಾನೆ, ಗುಮಾಸ್ತರು ಎಲ್ಲ ಇದ್ದವನು. ಅವನ ಕಚೇರಿಯ ಒಂದು ಕಾಗದವೂ ಉಳಿದಿಲ್ಲ. ಅವನ ಹೆಸರು ಕೊರೆದ ಕಲ್ಲು ಸಿಕ್ಕಿರುವುದು ಒಂದೇ ಒಂದು. 1961ರಲ್ಲಿ ಇಟಲಿಯ ಪುರಾತತ್ವಜ್ಞರು ಕೈಸರೈಯದ ರಂಗಮಂದಿರ ಅಗೆಯುವಾಗ ಅದು ಸಿಕ್ಕಿತು. ಯಾರೋ ಅದನ್ನು ಕಿತ್ತು ಮೆಟ್ಟಿಲಿಗೆ ಹಾಕಿಕೊಂಡಿದ್ದರು! ಆಳಿದವನ ಗತಿಯೇ ಇದಾದರೆ ಶಿಲುಬೆಗೆ ಹಾಕಿಸಿಕೊಂಡವನ ಗತಿ? ಕ್ರಿ.ಪೂ. 4ರ ದಂಗೆಯಲ್ಲಿ ವಾರಸ್ ಎಂಬ ಅಧಿಕಾರಿ ಸುಮಾರು 2000 ಜನರನ್ನು ಶಿಲುಬೆಗೇರಿಸಿದ ಎನ್ನುತ್ತಾನೆ ಜೋಸೆಫಸ್. ಅಷ್ಟು ಜನರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ಹಿಮ್ಮಡಿಯಲ್ಲಿ ಮೊಳೆ ಹಾಗೇ ಕೂತಿದ್ದ ಮೂಳೆ 1968ರಲ್ಲಿ ಯೆರೂಸಲೇಮಿನ ಗೋರಿಯೊಂದರಲ್ಲಿ ಸಿಕ್ಕಿತು. ಯೆಹೋಹಾನನ್ ಎಂಬುವವನದು. ಹೀಗಾಗಿ ಆ ಕಾಲದ ಬಡವರ ವಿಷಯದಲ್ಲಿ ಮೌನವೇ ಸಹಜ.

ಸರಿ, ಮಾತಾಡಿದವರು ಯಾರು? ಸುಮಾರು 116ರಲ್ಲಿ ಬರೆದ ಟ್ಯಾಸಿಟಸ್, 64ರ ರೋಮ್ ಬೆಂಕಿಯ ಪ್ರಸಂಗದಲ್ಲಿ ಕ್ರಿಸ್ತನಿಗೆ ಪಿಲಾತ ಮರಣದಂಡನೆ ಕೊಟ್ಟದ್ದನ್ನು ಹೇಳುತ್ತಾನೆ. ಕ್ರೈಸ್ತರನ್ನು ಕಂಡರಾಗದವನು, ಆದ್ದರಿಂದ ಅವರ ಪರ ಸುಳ್ಳು ಹೇಳುವವನಲ್ಲ. ಆದರೆ ಅವನಿಗೆ ಈ ಸುದ್ದಿ ಕ್ರೈಸ್ತರ ಬಾಯಿಂದಲೇ ಬಂದಿರಬಹುದಲ್ಲ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಪ್ಲಿನಿಯ ಪತ್ರ ಕ್ರೈಸ್ತರ ಬಗ್ಗೆ, ಕ್ರಿಸ್ತನ ಬಗ್ಗೆ ಅಲ್ಲ.

ಜೋಸೆಫಸ್ ವಿಷಯ ಸ್ವಲ್ಪ ಗೋಜಲು. ಯೆಹೂದಿ ಪುರೋಹಿತ ಮನೆತನದವನು, ದಂಗೆಯಲ್ಲಿ ಸೇನಾಪತಿಯಾಗಿ ಸೋತು ರೋಮನ್ನರ ಕಡೆ ಸೇರಿದವನು. 93-94ರ ಹೊತ್ತಿಗೆ ಅವನು ಮುಗಿಸಿದ ಯೆಹೂದಿ ಇತಿಹಾಸದ ಗ್ರಂಥದಲ್ಲಿ ಯೇಸುವಿನ ಪ್ರಸ್ತಾಪ ಎರಡು ಕಡೆ ಇದೆ. 18ನೆಯ ಪುಸ್ತಕದಲ್ಲಿ ಬರುವ ಭಾಗದಲ್ಲಿ ಯೇಸುವೇ ಕ್ರಿಸ್ತ, ಸತ್ತು ಮೂರನೆಯ ದಿನ ಕಾಣಿಸಿಕೊಂಡ ಎಂದೆಲ್ಲ ಇದೆ. ಯೆಹೂದಿಯಾಗಿಯೇ ಉಳಿದವನು ಹೀಗೆ ಬರೆದಾನೇ? ಮೂರನೆಯ ಶತಮಾನದ ಆರಿಗೆನ್, ಜೋಸೆಫಸ್ ಯೇಸುವನ್ನು ಕ್ರಿಸ್ತನೆಂದು ಒಪ್ಪಲಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಪ್ರತಿ ಮಾಡುವಾಗ ಯಾವನೋ ಭಕ್ತ ಕೈಯಾಡಿಸಿದ್ದಾನೆ, ಅನುಮಾನವೇ ಬೇಡ. ಒಳಗೊಂದು ಮೂಲ ತಿರುಳು ಇತ್ತು ಎನ್ನುವವರೇ ವಿದ್ವಾಂಸರಲ್ಲಿ ಹೆಚ್ಚು. ಆದರೆ ಕಲಬೆರಕೆ ಹಾಲಿನಿಂದ ಮೊಸರು ಮಾಡಲು ನನಗೆ ಇಷ್ಟವಿಲ್ಲ. ಆ ಭಾಗವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

20ನೆಯ ಪುಸ್ತಕದ ಮಾತು ಬೇರೆ. ವರ್ಷ ಕ್ರಿ.ಶ. 62. ಫೆಸ್ತ ಎಂಬ ರೋಮನ್ ಅಧಿಕಾರಿ ತೀರಿಕೊಂಡಿದ್ದಾನೆ. ಹೊಸಬ ಅಲ್ಬಿನಸ್ ಇನ್ನೂ ದಾರಿಯಲ್ಲಿದ್ದಾನೆ. ಕೇಳುವವರಿಲ್ಲದ ಈ ಹೊತ್ತು ನೋಡಿ ಮಹಾಯಾಜಕ ಅನಾನಸ್ ನ್ಯಾಯಸಭೆ ಸೇರಿಸಿ ಕೆಲವರಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ಕೊಡುತ್ತಾನೆ. ಅವರಲ್ಲಿ ಒಬ್ಬ ಯಾಕೋಬ. ಯಾವ ಯಾಕೋಬ? ಕ್ರಿಸ್ತನೆಂದು ಕರೆಯಲಾಗುವ ಯೇಸುವಿನ ಸಹೋದರ ಎಂದು ಜೋಸೆಫಸ್ ಗುರುತು ಹೇಳಿ ಮುಂದೆ ಹೋಗುತ್ತಾನೆ. ಊರಿನ ನ್ಯಾಯವಂತರು ಸಿಟ್ಟಾಗಿ ದೂರು ಕೊಡುತ್ತಾರೆ, ಮೂರೇ ತಿಂಗಳಲ್ಲಿ ಅನಾನಸ್‌ನ ಹುದ್ದೆ ಹೋಗುತ್ತದೆ. ಜೋಸೆಫಸ್‌ಗೆ ಬೇಕಾಗಿದ್ದು ಈ ಹುದ್ದೆ ಹೋದ ಕತೆ. ಯೇಸು ಬಂದದ್ದು ಬರೀ ವಿಳಾಸಕ್ಕೆ. ಯಾಕೋಬ, ಯೇಸು ಎಂಬ ಹೆಸರುಗಳು ಆಗ ಬೀದಿಗೆ ನಾಲ್ಕು ಸಿಗುತ್ತಿದ್ದವು, ಗುರುತು ಹೇಳದೆ ವಿಧಿಯಿರಲಿಲ್ಲ. ಭಕ್ತನೊಬ್ಬ ಸೇರಿಸಿದ್ದರೆ ಇಷ್ಟು ಒಣಒಣವಾಗಿ, ಅದೂ 'ಕರೆಯಲಾಗುವ' ಎಂದು ಸೇರಿಸುತ್ತಿದ್ದನೇ? ಇನ್ನೊಂದು ಮಾತು. ಜೋಸೆಫಸ್ ಹುಟ್ಟಿದ್ದು 37ರಲ್ಲಿ, ಯೆರೂಸಲೇಮಿನಲ್ಲಿ. ಈ ಘಟನೆಯಾದಾಗ ಅವನಿಗೆ 25ರ ಆಸುಪಾಸು. ಇದು ಅವನ ಊರಿನ, ಅವನ ವರ್ಗದವರ ಜಗಳ. ಎಲ್ಲೋ ಓದಿದ್ದಲ್ಲ.

ಕ್ಯಾರಿಯರ್ ಇದನ್ನೂ ಬಿಡುವುದಿಲ್ಲ. ಅನಾನಸ್ ಹೋದ ಮೇಲೆ ಮಹಾಯಾಜಕನಾದವನು ದಮ್ನೇಯನ ಮಗ ಯೇಸು. ಕೊಲೆಯಾದದ್ದು ಈ ಯೇಸುವಿನ ಸಹೋದರ, 'ಕ್ರಿಸ್ತನೆಂದು ಕರೆಯಲಾಗುವ' ಎಂಬುದು ಆಮೇಲೆ ಯಾರೋ ಬದಿಯಲ್ಲಿ ಬರೆದುಕೊಂಡಿದ್ದು ಒಳಗೆ ಸೇರಿಕೊಂಡಿತು ಎನ್ನುತ್ತಾರೆ. ಜಾಣ ವಾದವೇ. ಆದರೆ ಆ ಯೇಸುವಿನ ತಂದೆಯ ಹೆಸರು ಬರುವುದು ಆಮೇಲೆ, ಹೊಸಬನನ್ನು ಪರಿಚಯಿಸುವ ಹಾಗೆ. ಮೊದಲ ಸಲ ಗುರುತು ಹೇಳದೆ ಎರಡನೆಯ ಸಲ ಯಾರಾದರೂ ಗುರುತು ಹೇಳುತ್ತಾರೆಯೇ?

ಈಗ ಪೌಲನ ಕಡೆ ಬರೋಣ. ನನ್ನನ್ನು ಒಪ್ಪಿಸಿದ್ದು ಅವನೇ, ಅದೂ ಅವನ ಭಕ್ತಿಯಲ್ಲ, ಅವನ ಸಿಟ್ಟು.

ಗಲಾತ್ಯದವರಿಗೆ ಅವನು ಪತ್ರ ಬರೆದದ್ದು 50ರ ದಶಕದ ಆಸುಪಾಸಿನಲ್ಲಿ, ಶಿಲುಬೆಯ ಘಟನೆಯಾಗಿ ಸುಮಾರು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ. ಪತ್ರದ ತುಂಬ ಕೋಪ. ತಾನು ಸ್ಥಾಪಿಸಿದ ಸಭೆಗಳಿಗೆ ಬೇರೆ ಯಾರೋ ಬಂದು, ಯೆಹೂದ್ಯರಲ್ಲದವರೂ ಸುನ್ನತಿ ಮಾಡಿಸಿಕೊಳ್ಳಬೇಕು ಎಂದು ಬೋಧಿಸುತ್ತಿದ್ದಾರೆ. ನನ್ನ ಬೋಧನೆ ಯೆರೂಸಲೇಮಿನ ಹಿರಿಯರಿಂದ ಕಲಿತದ್ದಲ್ಲ ಎಂದು ತೋರಿಸುವ ಹಟ ಪೌಲನಿಗೆ. ಅದಕ್ಕೇ ಲೆಕ್ಕ ಒಪ್ಪಿಸುತ್ತಾನೆ. ಮೂರು ವರ್ಷವಾದ ಮೇಲೆ ಯೆರೂಸಲೇಮಿಗೆ ಹೋದೆ, ಪೇತ್ರನ ಹತ್ತಿರ 15 ದಿನ ಇದ್ದೆ, ಕರ್ತನ ಸಹೋದರ ಯಾಕೋಬನನ್ನು ಬಿಟ್ಟರೆ ಅಪೊಸ್ತಲರಲ್ಲಿ ಬೇರೆ ಯಾರನ್ನೂ ನೋಡಲಿಲ್ಲ ಅಂತ. ಹೇಳಿ, ಇದು ಸುಳ್ಳಲ್ಲ ಎಂದು ದೇವರ ಮೇಲೆ ಆಣೆ ಬೇರೆ. ಮುಂದಿನ ಅಧ್ಯಾಯದಲ್ಲಿ ಜಗಳ ಬಯಲಿಗೆ ಬರುತ್ತದೆ. ಅಂತಿಯೋಕ್ಯದಲ್ಲಿ ಯೆಹೂದ್ಯೇತರರ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದುಬಿಟ್ಟ. ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದದ ಜಗಳ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯೋಚನೆ ಮಾಡಿ. ಯಾಕೋಬ ಯೇಸುವಿನ ಒಡಹುಟ್ಟಿದವನು ಎನ್ನುವುದರಿಂದ ಲಾಭ ಯಾರಿಗೆ? ಯಾಕೋಬನ ಕಡೆಯವರಿಗೆ. ಯೇಸುವನ್ನು ಬದುಕಿದ್ದಾಗ ಕಾಣದ ಪೌಲನಿಗೆ ಅದು ನುಂಗಲಾರದ ತುತ್ತು. ಸಾಧ್ಯವಿದ್ದರೆ ಮುಚ್ಚಿಡುತ್ತಿದ್ದ. ಮುಚ್ಚಿಡಲಾಗಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮೇಲಿನ ಲೋಕದ ಕಲ್ಪಿತ ದೇವತೆಗೆ ಯೆರೂಸಲೇಮಿನಲ್ಲಿ ಮನೆ ಮಾಡಿಕೊಂಡು, ಊಟದ ಪಂಕ್ತಿಯ ಬಗ್ಗೆ ತಕರಾರು ತೆಗೆಯುವ ಸಹೋದರ ಎಲ್ಲಿಂದ ಬರಬೇಕು? 'ಕರ್ತನ ಸಹೋದರ' ಎಂದರೆ ಬರೀ ಕ್ರೈಸ್ತ ಬಂಧು ಎಂದರ್ಥ ಅನ್ನುವ ವಾದವೂ ಇದೆ. ಹಾಗಿದ್ದರೆ ಪೇತ್ರ ಯಾಕೆ ಸಹೋದರನಲ್ಲ? ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೂ ಪೌಲ ಅಪೊಸ್ತಲರು, ಕರ್ತನ ಸಹೋದರರು, ಪೇತ್ರ ಎಂದು ಬೇರೆ ಬೇರೆಯಾಗಿಯೇ ಎಣಿಸುತ್ತಾನೆ. ಅಲ್ಲಿನ ಗೊಣಗಾಟ ಏನು ಗೊತ್ತೇ? ಅವರೆಲ್ಲ ಹೆಂಡತಿಯರನ್ನು ಕರೆದುಕೊಂಡು ಓಡಾಡುತ್ತಾರೆ, ನಮಗೆ ಮಾತ್ರ ಆ ಹಕ್ಕಿಲ್ಲವೇ ಅಂತ!

ಅಂದ ಹಾಗೆ, ಇಲ್ಲೊಂದು ಭಾಷೆಯ ತಮಾಷೆ ಇದೆ. ಗ್ರೀಕಿನ 'ಅದೆಲ್ಫೊಸ್' ಎಂಬ ಶಬ್ದದಲ್ಲಿ ಅಣ್ಣ, ತಮ್ಮ ಎಂಬ ಭೇದವಿಲ್ಲ. ಕನ್ನಡದಲ್ಲಿ ಮನೆಮಾತಿನಂತೆ ಹೇಳಹೊರಟರೆ ಒಂದನ್ನು ಆರಿಸಲೇಬೇಕು. ತಮ್ಮ ಎಂದರೆ ಮರಿಯಳಿಗೆ ಯೇಸುವಿನ ನಂತರ ಮಕ್ಕಳಾದವು ಎಂದಾಯಿತು, ಕ್ಯಾಥೊಲಿಕರು ಒಪ್ಪುವುದಿಲ್ಲ. ಅವರಿಗೆ ಅವನು ಹತ್ತಿರದ ನೆಂಟ. ಅಣ್ಣ ಎಂದರೆ ಯೋಸೇಫನ ಮೊದಲ ಹೆಂಡತಿಯ ಮಗ, ಅದು ಪೂರ್ವದ ಆರ್ಥೊಡಾಕ್ಸ್ ಸಭೆಗಳ ನಂಬಿಕೆ. ಒಂದು ಸಣ್ಣ ಶಬ್ದದಲ್ಲಿ ಸಾವಿರಾರು ವರ್ಷದ ಜಗಳ. ನಾನು ಜಾಣತನದಿಂದ 'ಸಹೋದರ' ಎಂದೇ ಬರೆಯುತ್ತಿದ್ದೇನೆ.

ಸುವಾರ್ತೆಗಳನ್ನು ಇಷ್ಟು ಹೊತ್ತು ಬದಿಗಿಟ್ಟಿದ್ದೆ. ಅವು ನಂಬಿದವರು ನಂಬಿಸಲು ಬರೆದವು, ಹಳೆಯದಾದ ಮಾರ್ಕನದೂ ಸುಮಾರು 70ರದ್ದು. ಆದರೂ ಅವು ಎಡವುವ ಜಾಗಗಳು ನನಗೆ ಬಹಳ ಇಷ್ಟ. ಮೆಸ್ಸೀಯ ಬೇತ್ಲೆಹೇಮಿನವನಾಗಿರಬೇಕು ಎಂಬ ನಿರೀಕ್ಷೆ ಇತ್ತು. ಯೇಸುವನ್ನು ಅಲ್ಲಿ ಹುಟ್ಟಿಸಲು ಲೂಕ ನಜರೇತಿನಿಂದ ಬಸುರಿಯನ್ನು ಜನಗಣತಿಯ ನೆಪದಲ್ಲಿ ನಡೆಸಿಕೊಂಡು ಬರುತ್ತಾನೆ. ಕುರೇನ್ಯನ ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತು ಹತ್ತು ವರ್ಷಕ್ಕೆ! ಮತ್ತಾಯನಲ್ಲಿ ಅವರ ಮನೆ ಬೇತ್ಲೆಹೇಮಿನಲ್ಲೇ ಇದ್ದಂತಿದೆ, ಈಜಿಪ್ಟಿಗೆ ಓಡಿಹೋಗಿ ಆಮೇಲೆ ನಜರೇತಿಗೆ ಬರುತ್ತಾರೆ. ಇಬ್ಬರಿಗೂ ಯಾಕಿಷ್ಟು ಒದ್ದಾಟ? ಶುದ್ಧ ಕಲ್ಪನೆಯಾಗಿದ್ದರೆ 'ಬೇತ್ಲೆಹೇಮಿನ ಯೇಸು' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವನು ನಜರೇತಿನವನು ಎಂಬುದು ಜನರ ಬಾಯಲ್ಲಿ ಆಗಲೇ ಇತ್ತು, ಅಳಿಸಲಾಗಲಿಲ್ಲ. ಆ ಊರೇ ಆಗ ಇರಲಿಲ್ಲ ಎನ್ನುವವರೂ ಇದ್ದರು. 2009ರಲ್ಲಿ ಅಲ್ಲಿ ಯೇಸುವಿನ ಕಾಲದ್ದೆಂದು ಗುರುತಿಸಲಾದ ಮನೆಯೊಂದರ ಅವಶೇಷ ಸಿಕ್ಕಿತು. ಸ್ನಾನದೀಕ್ಷೆಯದೂ ಇದೇ ಕತೆ. ಪಾಪ ಕಳೆದುಕೊಳ್ಳಲೆಂದು ಯೋಹಾನನ ಬಳಿ ಜನ ಹೋಗುತ್ತಿದ್ದರು, ಯೇಸುವೂ ಹೋದ ಎಂದು ಮಾರ್ಕ ಸಲೀಸಾಗಿ ಹೇಳುತ್ತಾನೆ. ಮತ್ತಾಯನಿಗೆ ಮುಜುಗರ, ಯೋಹಾನನ ಬಾಯಲ್ಲೇ ಬೇಡವೆನ್ನಿಸುತ್ತಾನೆ. ನಾಲ್ಕನೆಯ ಸುವಾರ್ತೆ ಆ ಸ್ನಾನವನ್ನೇ ನುಂಗಿಹಾಕಿದೆ.

ಕಾಶ್ಮೀರದ ಬಗ್ಗೆ ಕೇಳುವವರಿಗೆ ಎರಡು ಮಾತು. ನೋಟೊವಿಚ್ ಎಂಬ ರಷ್ಯದವನು ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತ ಪ್ರವಾಸದ ಹಸ್ತಪ್ರತಿ ಕಂಡೆನೆಂದು 1894ರಲ್ಲಿ ಪುಸ್ತಕ ಮಾಡಿದ. ಮರುವರ್ಷವೇ ಆಗ್ರಾದ ಪ್ರಾಧ್ಯಾಪಕ ಡಗ್ಲಾಸ್ ಅಲ್ಲಿಗೆ ಹೋಗಿ ಕೇಳಿದರೆ ಮಠದ ಮುಖ್ಯಸ್ಥರು ಅಂಥದ್ದೇನೂ ಇಲ್ಲ ಎಂದರು. ಹಾಗೆಯೇ 2002ರಲ್ಲಿ ಸುದ್ದಿಯಾದ, 'ಯೇಸುವಿನ ಸಹೋದರ ಯಾಕೋಬ' ಎಂದು ಕೊರೆದ ಮೂಳೆಪೆಟ್ಟಿಗೆಯನ್ನೂ ನಾನು ಸಾಕ್ಷಿಗೆ ಕರೆಯುವುದಿಲ್ಲ. ಎಲ್ಲಿ ಅಗೆದದ್ದೆಂದೇ ಗೊತ್ತಿಲ್ಲ. ನಕಲಿ ಆರೋಪದ ಮೊಕದ್ದಮೆ 2012ರಲ್ಲಿ ಬಿದ್ದುಹೋಯಿತು, ಆದರೆ ಬರಹ ಅಸಲಿ ಎಂದು ನ್ಯಾಯಾಲಯವೇನೂ ಹೇಳಲಿಲ್ಲ.

ಹೀಗಾಗಿ ನನ್ನ ಮಟ್ಟಿಗೆ ಅವನು ಇದ್ದ. ಬಾರ್ಟ್ ಎರ್ಮನ್ ಕೂಡ ದೇವರನ್ನು ನಂಬದವರೇ. 2012ರಲ್ಲಿ ಇದೇ ತೀರ್ಮಾನದ ಪುಸ್ತಕ ಬರೆದು, ತಮ್ಮನ್ನು ಮೆಚ್ಚುತ್ತಿದ್ದ ನಾಸ್ತಿಕರಿಂದಲೇ ಬೈಸಿಕೊಂಡರು. ನನ್ನ ಗೆಳೆಯರೂ ಬೈಯುವವರೇ. ಬೈಯುವ ಮೊದಲು ಗಲಾತ್ಯದವರಿಗೆ ಬರೆದ ಆ ಪತ್ರ ಒಮ್ಮೆ ಓದಿ. ಆರೇ ಅಧ್ಯಾಯ, ಕನ್ನಡದಲ್ಲೂ ಇದೆ, ಅರ್ಧ ಗಂಟೆ ಸಾಕು. ದೇವರ ಮಾತು ಎಂದು ಓದಬೇಡಿ. ದಾಯಾದಿ ಜಗಳದ ಕಾಗದ ಎಂದು ಓದಿ, ಆಮೇಲೆ ಹೇಳಿ.