ಉಟ್ಟಿದ್ದೋ, ಹಾಕಿದ್ದೋ?

ಮದುವೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಾಪೂಜಿ ನಗರದ ಬಟ್ಟೆ ಅಂಗಡಿಗೆ ಹೋಗಿ ಪಂಚೆ ಕೇಳಿದರೆ, ಅಂಚಿನ ಬಣ್ಣಕ್ಕಿಂತ ಮೊದಲು ಬರುವ ಪ್ರಶ್ನೆಯೇ ಬೇರೆ: "ಮಾಮೂಲಿದು ಕೊಡ್ಲಾ ಸಾರ್, ಅಂಟ್ಸೋದು ಕೊಡ್ಲಾ?" ಅಂಟಿಸುವುದೆಂದರೆ ಸೊಂಟದ ಹತ್ತಿರ ವೆಲ್ಕ್ರೋ ಪಟ್ಟಿ ಹೊಲಿದ ಪಂಚೆ. ಮೊಬೈಲು, ಬೈಕಿನ ಕೀಲಿ ಇಟ್ಟುಕೊಳ್ಳಲು ಅದಕ್ಕೊಂದು ಜೇಬೂ ಇರುತ್ತದೆ. ಗಂಟು ಬೇಡ, ಬೆಲ್ಟು ಬೇಡ, ಛತ್ರದಲ್ಲಿ ಜಾರೀತೆಂಬ ದಿಗಿಲೂ ಬೇಡ. "ಏನಿಲ್ಲ ಸಾರ್, ಪ್ಯಾಂಟ್ ಥರಾನೇ, ಹಾಕ್ಕೊಂಡ್ರಾಯ್ತು" ಎಂದು ಅಂಗಡಿಯವರು ಮಡಿಕೆ ಬಿಚ್ಚಿ ತೋರಿಸುತ್ತಾರೆ.

ಆ "ಹಾಕ್ಕೊಂಡ್ರಾಯ್ತು" ಎಂಬಲ್ಲಿ ಒಂದು ಹಳೆಯ ಮಾತು ಸದ್ದಿಲ್ಲದೆ ಜಾಗ ಬಿಟ್ಟುಕೊಟ್ಟಿದೆ. ಪಂಚೆಯನ್ನು ಕನ್ನಡಿಗರು ಹಾಕುತ್ತಿರಲಿಲ್ಲ, ಉಡುತ್ತಿದ್ದರು.

ಮೈಮೇಲೆ ಬರುವ ಒಂದೊಂದಕ್ಕೂ ಕನ್ನಡದಲ್ಲಿ ಒಂದೊಂದು ಕ್ರಿಯಾಪದ. ಸೀರೆ, ಪಂಚೆ ಉಡಬೇಕು. ಅಂಗಿ, ಬಳೆ ತೊಡಬೇಕು. ಶಾಲು ಹೊದೆಯಬೇಕು, ರುಮಾಲು ಸುತ್ತಬೇಕು, ಹೂವು ಮುಡಿಯಬೇಕು, ಚಪ್ಪಲಿ ಮೆಟ್ಟಬೇಕು. ಉಡುಗೆ–ತೊಡುಗೆ ಎಂಬ ಜೋಡಿಪದದಲ್ಲಿ ಎರಡನೆಯದು ಬರಿಯ ಪ್ರಾಸಕ್ಕೆ ಬಂದದ್ದಲ್ಲ. ಸೊಂಟಕ್ಕೆ ಬಳಸಿ, ಸಿಕ್ಕಿಸಿ, ನಿಲ್ಲುವಂತೆ ಮಾಡಿಕೊಳ್ಳುವುದು ಉಡುಗೆ. ಹೊಲಿದು ಸಿದ್ಧವಾದದ್ದರೊಳಗೆ ಮೈ ತೂರಿಸುವುದು ತೊಡುಗೆ. ಮೊದಲನೆಯದರಲ್ಲಿ ಕೈಗೆ ಕೆಲಸವಿದೆ. ಉಡುವವನು ದಿನಕ್ಕೊಮ್ಮೆ ಆ ಬಟ್ಟೆಯನ್ನು ಹೊಸದಾಗಿ ಕಟ್ಟುತ್ತಾನೆ.

ಈ "ಉಡು" ದೊಡ್ಡ ಸಂಸಾರಸ್ಥ ಪದ. ಮಗುವಿನ ಸೊಂಟದ ಉಡುದಾರ ಅದರದ್ದು. ಉತ್ತರ ಕರ್ನಾಟಕದಲ್ಲಿ ಮುತ್ತೈದೆಯರಿಗೆ ತುಂಬುವ ಉಡಿಯೂ ಅದರದ್ದೇ: ಉಟ್ಟ ಬಟ್ಟೆಯ ಮಡಿಕೆಯಲ್ಲಿ ಅಕ್ಕಿ, ಕೊಬ್ಬರಿ ಹಿಡಿಸುವಷ್ಟು ಜಾಗ. ಉಡುಗೊರೆ ಎಂದರೂ ಮೊದಲಿಗೆ ಉಡಲು ಕೊಟ್ಟ ಬಟ್ಟೆಯೇ. ಇಂದು ಮಿಕ್ಸಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರೂ ಉಡುಗೊರೆ ಎನ್ನುತ್ತೇವೆ. ಎಲ್ಲವನ್ನೂ ಕಳೆದುಕೊಂಡವನು "ಉಟ್ಟ ಬಟ್ಟೆಯಲ್ಲೇ" ಹೊರಟುಹೋಗುತ್ತಾನೆ. ಆ ಮಾತನ್ನು "ಹಾಕಿದ ಬಟ್ಟೆಯಲ್ಲೇ" ಎಂದು ಬದಲಿಸಿ ನೋಡಿ, ಕಣ್ಣಲ್ಲಿ ನೀರು ಬರುವುದಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಸ್ಕಾಟ್ಲೆಂಡಿನ ಗಂಡಸರ ಕಿಲ್ಟನ್ನು ಕನ್ನಡಕ್ಕೆ ತರುವವರು ಬಹಳ ಸಲ "ಲಂಗ" ಎಂದುಬಿಡುತ್ತಾರೆ. ಅದು ಅನ್ಯಾಯ. ಕಿಲ್ಟ್ ಎಂಬ ಪದ ಬಂದದ್ದು ಉತ್ತರ ಯುರೋಪಿನ ನಾರ್ಸ್ ಜನರ ಮಾತಿನ ಕಡೆಯಿಂದ. ಆ ಹಳೆಯ ಭಾಷೆಯಲ್ಲಿ ಅದರ ನಂಟಿನ ಪದಕ್ಕೆ ಮಡಿಲು, ಬಟ್ಟೆಯ ಮಡಿಕೆ ಎಂಬ ಅರ್ಥ. ಡೇನಿಷ್ ಭಾಷೆಯಲ್ಲಿ ಬಟ್ಟೆಯನ್ನು ಮೇಲೆತ್ತಿ ಸಿಕ್ಕಿಸುವುದು ಎಂಬ ಅರ್ಥ. ಅಂದರೆ ನಮ್ಮ ಉಡಿ, ನಮ್ಮ "ಪಂಚೆ ಎತ್ತಿ ಕಟ್ಟು". ಸ್ಕಾಟರಲ್ಲಿಯೂ ಅದು ಮೊದಲು ಕ್ರಿಯಾಪದ. ಉಡುಪಿನ ಹೆಸರಾದದ್ದು ಶತಮಾನಗಳ ನಂತರ, ಹದಿನೆಂಟನೆಯ ಶತಮಾನದಲ್ಲಿ.

ಇನ್ನೂ ಹತ್ತಿರದ ಹೋಲಿಕೆಯಿದೆ. ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡಿನವರ ಹಳೆಯ ದೊಡ್ಡ ಕಿಲ್ಟಿಗೆ ಹೊಲಿಗೆಯೇ ಇರಲಿಲ್ಲ. ಉದ್ದನೆಯ ಉಣ್ಣೆ ಬಟ್ಟೆಯನ್ನು ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟು ಬಿಗಿದು, ಉಳಿದದ್ದನ್ನು ಹೆಗಲಿಗೆ ಏರಿಸುತ್ತಿದ್ದರು. ರಾತ್ರಿ ಅದೇ ಹೊದಿಕೆ. ಅದು ಅಪ್ಪಟ ಉಡುಗೆ. ಆಮೇಲೆ ಮೇಲರ್ಧ ಬಿಟ್ಟು ಕೆಳಗಿನದಷ್ಟೇ ಉಳಿಸಿದ ಸಣ್ಣ ಕಿಲ್ಟ್ ಬಂತು, ನೆರಿಗೆಗೆ ಹೊಲಿಗೆ ಬಿತ್ತು. 1720ರ ದಶಕದಲ್ಲಿ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ತನ್ನ ಕೆಲಸಗಾರರ ಅನುಕೂಲಕ್ಕೆ ಇದನ್ನು ಮಾಡಿಸಿದ ಎಂಬ ಹೇಳಿಕೆಯಿದೆ. ಇದನ್ನು ಒಪ್ಪದ ಸ್ಕಾಟರೂ ಬೇಕಾದಷ್ಟಿದ್ದಾರೆ. ಯಾರೇ ಮಾಡಿರಲಿ, ಉಡುಗೆ ತೊಡುಗೆಯಾಯಿತು. ಮೈಸೂರು ರಸ್ತೆಯಲ್ಲಿ ಬೈಕು ಓಡಿಸುವ ಹುಡುಗನಿಗಾಗಿ ಪಂಚೆಗೆ ವೆಲ್ಕ್ರೋ ಬಿದ್ದದ್ದೂ ಇದೇ ದಾರಿಯಲ್ಲಿ.

ಹೊಲಿದ ಮೇಲೂ ಕಿಲ್ಟು ನಿಂತ ನೀರಾಗಲಿಲ್ಲ. ಎಡಿನ್‌ಬರೋದ ಹೋವಿ ನಿಕಲ್ಸ್‌ಬಿ 1996ರಲ್ಲಿ ಟ್ವೆಂಟಿಫಸ್ಟ್ ಸೆಂಚುರಿ ಕಿಲ್ಟ್ಸ್ ಶುರುಮಾಡಿ ಡೆನಿಮ್, ಚರ್ಮ, ಸೂಟಿನ ಬಟ್ಟೆಗಳಲ್ಲೆಲ್ಲ ಕಿಲ್ಟ್ ಹೊಲಿದರು, ಅದಕ್ಕೆ ಜೇಬಿಟ್ಟರು. ಅಮೆರಿಕದ ಸಿಯಾಟಲ್ ನಗರದಲ್ಲಿ 2000ದಲ್ಲಿ ಹುಟ್ಟಿದ ಯುಟಿಲಿಕಿಲ್ಟ್ಸ್ ಕಂಪನಿಯದ್ದಂತೂ ದೊಡ್ಡ ದೊಡ್ಡ ಜೇಬುಗಳ ಒರಟು ಹತ್ತಿಯ ಕಿಲ್ಟು, ಮೈಮುರಿದು ದುಡಿಯುವವರಿಗೆಂದೇ ಮಾಡಿದ್ದು. ಸಾಂಪ್ರದಾಯಿಕ ಕಿಲ್ಟಿಗೆ ಜೇಬಿಲ್ಲ. ಅದಕ್ಕೇ ಮುಂದೆ ಸ್ಪೋರನ್ ಎಂಬ ಚರ್ಮದ ಚೀಲ ತೂಗುಬಿಡುತ್ತಾರೆ. ಪಂಚೆಗೂ ಜೇಬಿರಲಿಲ್ಲ, ಟೊಂಕಕ್ಕೆ ಎಲೆಅಡಿಕೆ ಸಂಚಿ ಸಿಕ್ಕಿಸುತ್ತಿದ್ದರು, ದುಡ್ಡು ಒಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ ಭದ್ರವಾಗಿರುತ್ತಿತ್ತು. ಅಳತೆಯಲ್ಲಿ ಮಾತ್ರ ಸ್ಕಾಟರೇ ಮುಂದು. ಪೂರ್ತಿ ಕಿಲ್ಟಿಗೆ ಎಂಟು ಗಜ ಬೇಕು, ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ. ನಮ್ಮಲ್ಲಿ ನಾಲ್ಕು ಮೊಳಕ್ಕೆ ಒಂಟಿ ಪಂಚೆ, ಎಂಟು ಮೊಳಕ್ಕೆ ಜೋಡಿ.

ಚೌಕುಳಿಯಲ್ಲೂ ನಾವು ಬಡವರಲ್ಲ. ಅವರಿಗೆ ಟಾರ್ಟನ್ ಇದ್ದರೆ ನಮಗೆ ಚೌಕುಳಿ ಲುಂಗಿಯಿದೆ, ಬಡಗುತಿಟ್ಟು ಯಕ್ಷಗಾನದ ಕಸೆ ಸೀರೆಯಿದೆ. ವೀರಾವೇಶದ ಉಡುಗೆಯೂ ಇದೆ: ವೀರಗಾಸೆಯ "ಗಾಸೆ" ಬೇರೇನಲ್ಲ, ಸೊಂಟಕ್ಕೆ ಬಿಗಿದ ಕಾಸೆ. ಹೋರಾಟಕ್ಕೆ ಇಳಿಯುವವನು ಟೊಂಕ ಕಟ್ಟುತ್ತಾನೆ. ಜಗಳಕ್ಕೆ ನಿಂತವನು ಪಂಚೆ ಎತ್ತಿ ಕಟ್ಟುತ್ತಾನೆ. ಎದುರಿಗೆ ಹಿರಿಯರು ಕಂಡರೆ ಅದೇ ಪಂಚೆಯನ್ನು ಕಾಲಿನವರೆಗೆ ಇಳಿಬಿಡುತ್ತಾನೆ. ಒಂದು ತುಂಡು ಬಟ್ಟೆ ಇಷ್ಟು ಮಾತಾಡಬಲ್ಲದು. ಪ್ಯಾಂಟಿಗೆ ಈ ಶಕ್ತಿಯಿಲ್ಲ.

ಮಾತಾಡುವ ಬಟ್ಟೆಯ ಬಾಯಿ ಕಟ್ಟುವ ಪ್ರಯತ್ನವೂ ಎರಡೂ ಕಡೆ ನಡೆದಿದೆ. ಹೈಲ್ಯಾಂಡರ ದಂಗೆಯ ನಂತರ ಬ್ರಿಟಿಷ್ ಸಂಸತ್ತು 1746ರಲ್ಲಿ ಕಾನೂನು ತಂದು ಗಂಡಸರು ಕಿಲ್ಟ್ ಉಡುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳು ಸೆರೆ, ಎರಡನೆಯದಕ್ಕೆ ಏಳು ವರ್ಷ ಕಡಲಾಚೆ ಗಡೀಪಾರು. ಅದು ರದ್ದಾದದ್ದು 1782ರಲ್ಲಿ.

ನಮ್ಮದು ಅಷ್ಟು ಹಳೆಯ ಕತೆಯಲ್ಲ. ಬಾಪೂಜಿ ನಗರಕ್ಕೆ ಹೆಚ್ಚು ದೂರವಿಲ್ಲದ ಮಾಗಡಿ ರಸ್ತೆಯ ಮಾಲೊಂದರಲ್ಲಿ, 2024ರ ಜುಲೈ 16ರಂದು, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆದರು. ಟಿಕೆಟ್ ಕೈಯಲ್ಲೇ ಇತ್ತು. ಮರುದಿನ ಪಂಚೆ ಉಟ್ಟವರೇ ಬಂದು ಆ ಬಾಗಿಲ ಮುಂದೆ ಪ್ರತಿಭಟಿಸಿದರು. ಮಾಲಿನವರು ಕ್ಷಮೆ ಕೇಳಿ ರೈತರನ್ನು ಸನ್ಮಾನಿಸಿದರು. ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಹತ್ತು ವರ್ಷ ಮೊದಲು, 2014ರಲ್ಲಿ, ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಹೊರಗೆ ನಿಲ್ಲಿಸಿತ್ತು. ತಮಿಳುನಾಡು ಅದೇ ವರ್ಷ ಇಂಥ ತಡೆಯನ್ನು ಅಪರಾಧವಾಗಿಸುವ ಕಾನೂನು ಮಾಡಿತು.

ಪಂಚೆ ಉಟ್ಟೇ ಪ್ರಧಾನಿಯಾಗಿದ್ದ ಎಚ್. ಡಿ. ದೇವೇಗೌಡರ ನಾಡಿನಲ್ಲಿ, ಪಂಚೆ ಉಡುವ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದಾಗಲೇ ನಡೆದದ್ದು ಮಾಗಡಿ ರಸ್ತೆಯ ಆ ಘಟನೆ. ಅದೂ ಬಾಪೂಜಿಯ ಹೆಸರು ಹೊತ್ತ ಬಡಾವಣೆಯ ಪಕ್ಕದಲ್ಲಿ. ಆ ಬಾಪೂಜಿ 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಅಂಗಿ ಬಿಟ್ಟು ತುಂಡುಪಂಚೆಗೆ ಇಳಿದರು. ಹತ್ತು ವರ್ಷದ ಮೇಲೆ ಲಂಡನ್ನಿಗೆ ಹೋದಾಗ, ನವೆಂಬರಿನ ಚಳಿಯಲ್ಲಿ, ಚಕ್ರವರ್ತಿ ಐದನೆಯ ಜಾರ್ಜನ ಅರಮನೆಗೂ ಅದೇ ಉಡುಗೆಯಲ್ಲೇ ಹೋದರು. ಅಲ್ಲಿ ಬಾಗಿಲು ತೆರೆಯಿತು.

ಹಾಗಾದರೆ ವೆಲ್ಕ್ರೋ ಪಂಚೆಯನ್ನು ಹಳಿಯಬೇಕೆ? ಖಂಡಿತ ಬೇಡ. ಗಂಟು ಹಾಕಲು ಬಾರದ ಹುಡುಗ ಅದರಿಂದಾದರೂ ಪಂಚೆಗೆ ಬರುತ್ತಾನೆ. 2022ರ "ಕಾಂತಾರ" ಬಂದ ಮೇಲಂತೂ ಲುಂಗಿ ಎತ್ತಿ ಕಟ್ಟಿ ನಿಲ್ಲುವುದು ಹುಡುಗರಿಗೆ ನಾಚಿಕೆಯ ವಿಷಯವಾಗಿ ಉಳಿದಿಲ್ಲ. ಡೆನಿಮ್ ಕಿಲ್ಟು ಸ್ಕಾಟರ ಮರ್ಯಾದೆ ಕಳೆಯಲಿಲ್ಲ, ಜೇಬಿನ ಪಂಚೆಯಿಂದ ನಮ್ಮದೂ ಹೋಗುವುದಿಲ್ಲ. ಬಟ್ಟೆ ಬದಲಾಗಲಿ. ಆದರೆ ಕ್ರಿಯಾಪದವನ್ನು ಅಂಗಡಿಯ ಕಟ್ಟೆಯ ಮೇಲೆ ಬಿಟ್ಟು ಬರುವ ಅಗತ್ಯವಿಲ್ಲ. ಮನೆಯಲ್ಲಿ ಮುಂದಿನ ಮದುವೆಗೋ ಹಬ್ಬಕ್ಕೋ ಹುಡುಗರು ಸಿದ್ಧರಾಗುತ್ತಿರುವಾಗ, ಅದು ನಾಲ್ಕು ಮೊಳದ ಹಳೆಯ ಪಂಚೆಯಾಗಿರಲಿ, ಅಂಟಿಸುವ ಹೊಸದಾಗಿರಲಿ, "ಪಂಚೆ ಉಟ್ಕೊಂಡು ಬಾರಪ್ಪ" ಎಂದೇ ಕರೆಯಿರಿ.