ರಾಹುಲನ ಮೊದಲ ಪಾಠ

ಮಕ್ಕಳಿಗೆ ಧ್ಯಾನ ಹೇಳಿಕೊಡೋ ಕ್ಲಾಸುಗಳು ಈಗ ಅಪಾರ್ಟ್‌ಮೆಂಟಿನೊಳಗೇ ನಡೆಯುತ್ತವೆ. ಕಣ್ಣು ಮುಚ್ಚಿ ಕೂತರೆ ಏಕಾಗ್ರತೆ, ಏಕಾಗ್ರತೆ ಬಂದರೆ ಮಾರ್ಕ್ಸು ಅನ್ನೋದು ನಮ್ಮ ಲೆಕ್ಕ. ಹಾಗಾದ್ರೆ ಬುದ್ಧ ತನ್ನ ಸ್ವಂತ ಮಗನಿಗೆ ಮೊದಲು ಕಲಿಸಿದ್ದೇನು?

ಬುದ್ಧ ಕಪಿಲವಸ್ತುವಿಗೆ ಮರಳಿ ಬಂದಾಗ ರಾಹುಲನಿಗೆ 7 ವರ್ಷ ಅನ್ನುತ್ತದೆ ಬೌದ್ಧ ಪರಂಪರೆ. ಅಮ್ಮ ಹೇಳಿಕೊಟ್ಟಂತೆ ಹುಡುಗ ಅಪ್ಪನ ಬೆನ್ನುಬಿದ್ದು ತನ್ನ ಪಾಲಿನ ಆಸ್ತಿ ಕೇಳಿದ. ಸಿಕ್ಕಿದ್ದು ದೀಕ್ಷೆ. ಅಜ್ಜ ಶುದ್ಧೋದನ ಕುಸಿದುಹೋದ. ಸಿದ್ಧಾರ್ಥ ಹೋದ, ನಂದ ಹೋದ, ಈಗ ಮೊಮ್ಮಗನೂ ಹೋದ. ಇನ್ನು ಮುಂದೆ ತಂದೆತಾಯಿ ಒಪ್ಪದೆ ಯಾವ ಮಗುವಿಗೂ ದೀಕ್ಷೆ ಕೊಡಬೇಡಿ ಎಂದು ಬೇಡಿಕೊಂಡ. ಬುದ್ಧ ಅದನ್ನೇ ಸಂಘದ ನಿಯಮ ಮಾಡಿದ. ವಿನಯಪಿಟಕದ ಮಹಾವಗ್ಗದಲ್ಲಿ ಈ ಕಥೆ ಇದೆ.

ಇನ್ನು ಪಾಠದ ವಿಷಯ. ಮಜ್ಝಿಮನಿಕಾಯದ 61ನೇ ಸುತ್ತದಲ್ಲಿ ರಾಹುಲ ಅಪ್ಪನಿಗೆ ಕಾಲು ತೊಳೆಯಲು ನೀರಿಡುತ್ತಾನೆ. ಬುದ್ಧ ಪಾತ್ರೆಯಲ್ಲಿ ಸ್ವಲ್ಪವೇ ನೀರು ಉಳಿಸಿ ತೋರಿಸುತ್ತಾನೆ: ಗೊತ್ತಿದ್ದೂ ಸುಳ್ಳು ಹೇಳಿ ನಾಚದವನಲ್ಲಿ ಉಳಿಯೋ ಸಾಧನೆ ಇಷ್ಟೇ. ಆ ನೀರನ್ನೂ ಚೆಲ್ಲುತ್ತಾನೆ, ಪಾತ್ರೆ ಬೋರಲು ಹಾಕುತ್ತಾನೆ. ತಮಾಷೆಗೂ ಸುಳ್ಳು ಬೇಡ ಅನ್ನುತ್ತಾನೆ. ಆಮೇಲೆ ಕನ್ನಡಿಯ ಮಾತು. ಮುಖ ನೋಡಿಕೊಂಡ ಹಾಗೆ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಇದರಿಂದ ನನಗಾಗಲಿ ಇತರರಿಗಾಗಲಿ ನೋವಾಗುತ್ತಾ ಅಂತ ಕೇಳಿಕೋ.

ಉಸಿರಿನ ಧ್ಯಾನ ಬರುವುದು ಮುಂದಿನ, 62ನೇ ಸುತ್ತದಲ್ಲಿ. ಹಳೆಯ ವ್ಯಾಖ್ಯಾನದ ಪ್ರಕಾರ ಆಗ ರಾಹುಲನಿಗೆ 18. ಅಂದ್ರೆ ಸತ್ಯಕ್ಕೂ ಉಸಿರಿಗೂ ನಡುವೆ 11 ವರ್ಷದ ಅಂತರ!

ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನೂ ಈ ಪಾಠವನ್ನು ಮೆಚ್ಚಿದ್ದ. ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕ ಶಾಸನದಲ್ಲಿ ಅವನು ಏಳು ಧರ್ಮಗ್ರಂಥಗಳ ಪಟ್ಟಿ ಕೊಟ್ಟು, ಭಿಕ್ಷು ಭಿಕ್ಷುಣಿಯರಷ್ಟೇ ಅಲ್ಲ, ಗೃಹಸ್ಥರೂ ಕೇಳಿ ಮನನ ಮಾಡಲಿ ಅನ್ನುತ್ತಾನೆ. ಅದರಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬುದ್ಧಿಮಾತೂ ಇದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲೂ ಅಶೋಕ ಹೇಳಿಸಿದ್ದು ಸರಳ ಮಾತು: ತಂದೆತಾಯಿಗೆ ವಿಧೇಯರಾಗಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ನುಡಿಯಿರಿ.

ಮಗುವಿಗೆ ಹತ್ತು ನಿಮಿಷ ಧ್ಯಾನ ಮಾಡಿಸೋದು ಸುಲಭ. ಬಾಗಿಲು ಬಡಿದವರಿಗೆ ‘ಅಪ್ಪ ಮನೇಲಿಲ್ಲ ಅಂತ ಹೇಳು’ ಅಂತ ಒಳಗಿನಿಂದ ಪಿಸುಗುಟ್ಟದೆ ಇರೋದು ಕಷ್ಟ. ರಾಹುಲನ ಮೊದಲ ಪಾಠ ಶುರುವಾಗೋದು ಆ ಬಾಗಿಲಲ್ಲೇ.